ಇವತ್ತಿಗೆ ಶೋಭಾ

“ನಿನ್ ಹೆಸ್ರೇನು?”

“ಶೋಭಾ.”

“ನನ್ನ ಏನಂತ ಕರೀತೀಯ?”

“ಅಮ್ಮೀ… ಅಲ್ಲಲ್ಲ, ಅಮ್ಮಾ.”

ಅಟ್ಟೂರಿನ ತಿರುವಿನಲ್ಲಿ ಅಮ್ಮಿ ಬುರ್ಖಾ ಕಳಚಿ, ಮಡಚಿ, ಚೀಲದೊಳಗೆ ತುರುಕಿದಳು. ಸಬಾ ತನ್ನ ಹೊಸ ಹೆಸರನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

ಕೆರೆ ಪಕ್ಕದ ಅವರ ಮನೆಯನ್ನು ಹೋದ ತಿಂಗಳು ಸರ್ಕಾರದ ಜೆಸಿಬಿ ಕೆಡವಿತ್ತು. ನೋಟಿಸ್ ಬಂದದ್ದು ಇಡೀ ಏರಿಯಾಗೆ. ಜೆಸಿಬಿ ಬಂದದ್ದು ಮಸೀದಿ ಬೀದಿಗೆ ಮಾತ್ರ. ಈಗ ಎಲ್ಲರೂ ಚಿಕ್ಕಬಾಣಾವರದಲ್ಲಿ, ಅಮ್ಮಿಯ ಅಕ್ಕ ಸಬೀರಾ ಖಾಲಾ ಮನೆಯ ಹಾಲ್‌ನಲ್ಲಿ ಮಲಗುತ್ತಿದ್ದರು. ಅಲ್ಲಿಂದ ಸ್ಕೂಲು ದೂರ. ಇಲ್ಲಿ ಬಾಡಿಗೆ ಮನೆ ಸಿಗದಿದ್ದರೆ ಸಬಾ ಸ್ಕೂಲನ್ನೇ ಬಿಡಬೇಕಿತ್ತು.

ಓನರ್ ಗೌರಮ್ಮಜ್ಜಿ ಬಾಗಿಲಲ್ಲೇ ಸಿಕ್ಕರು. “ಬಾರವ್ವ, ಮ್ಯಾಲಿನ್ ಮನೆ ಖಾಲಿ ಐತೆ. ಮಗೀಗೇನ್ ಎಸ್ರು?”

“ಶೋಭಾ.” ಹೇಳುವಾಗ ಸಬಾಗೆ ಯಾರದೋ ಚಪ್ಪಲಿ ಹಾಕಿಕೊಂಡಂತಿತ್ತು.

ಅಜ್ಜಿ ಬೀಗದ ಕೈ ತೆಗೆಯುವಷ್ಟರಲ್ಲಿ ಅವರ ಮೊಮ್ಮಗಳು ಮೋನಿಕಾ ಓಡಿ ಬಂದಳು.

“ಏ ಸಬಾ! ಯಾಕೇ ಸ್ಕೂಲಿಗೇ ಬರ್ತಿಲ್ಲ? ನೀನಿಲ್ದೆ ಖೋಖೋದಲ್ಲಿ ಸೋತೋದ್ವಿ ಕಣೇ!”

ಅಜ್ಜಿಯ ಕೈ ನಿಂತಿತು. “ಶೋಭಾ ಅಂದ್ಯಲ್ಲ?”

‘ಮನೇಲಿ ಕರೆಯೋ ಹೆಸ್ರು ಅನ್ನು’ ಎನ್ನುವಂತೆ ಅಮ್ಮಿ ಕಣ್ಣು ಮಾಡಿದಳು. ಆದರೆ ಮೋನಿಕಾಳ ಮುಂದೆ ಸಬಾಳ ನಾಲಿಗೆ ಹೊರಳಲಿಲ್ಲ.

“ನನ್ ಹೆಸ್ರು ಸಬಾ, ಅಜ್ಜಿ. ನಮ್ಮಮ್ಮಿ ಕುಲ್ಸುಮ್.”

ಅಜ್ಜಿ ಅಮ್ಮಿಯ ಮೇಲೆ ರೇಗಿದರು. “ಯಾಕವ್ವ, ಮಗೀ ಕೈಲಿ ಸುಳ್ಳೇಳ್ಸಿದ್ದು?”

ಅಮ್ಮಿ ತಲೆ ತಗ್ಗಿಸಲಿಲ್ಲ. “ನಿಜ ಹೇಳ್ದ ಕಡೆ ಯಾರೂ ಬೀಗಾನೇ ತೆಗೀಲಿಲ್ಲ ಅಮ್ಮ. ಹೆಸ್ರು ಕೇಳಿ ಮನೆ ಖಾಲಿ ಇಲ್ಲ ಅಂದ್ರು. ಟು-ಲೆಟ್ ಬೋರ್ಡ್ ಅವ್ರ ತಲೆ ಮೇಲೇ ನೇತಾಡ್ತಿತ್ತು.”

ಒಳಗಿನಿಂದ ಅಜ್ಜಿಯ ಮಗ ಮಹೇಂದ್ರ ಬಂದ. “ಅಮ್ಮಾ, ಈ ರೋಡಲ್ಲಿ ಇವ್ರಿಗೆ ಯಾರೂ ಮನೆ ಕೊಡಲ್ಲ. ಆಮೇಲೆ ಎಲ್ರೂ ನನ್ನ ಕೇಳ್ತಾರೆ. ಬೇರೆಯವ್ರು ಅಡ್ವಾನ್ಸ್ ಕೊಟ್ಟವ್ರೆ ಅಂದ್ಬಿಡು.”

“ಯಾರ್ಲಾ ಕೊಟ್ಟವ್ರೆ?”

“ಯಾರೂ ಇಲ್ಲಮ್ಮ. ಸುಮ್ನೆ ಹಂಗನ್ನು.”

“ಸುಳ್ಳೇಳಿದ್ದಕ್ಕೆ ಈಗ್ತಾನೆ ಇವ್ಳನ್ನ ಬೈದಿವ್ನಿ. ನನ್ ಕೈಲೂ ಅದ್ನೇ ಏಳುಸ್ತೀಯೇನ್ಲಾ?” ಅಜ್ಜಿ ಬೀಗದ ಕೈಯನ್ನು ಅಮ್ಮಿಯ ಅಂಗೈಯಲ್ಲಿಟ್ಟರು. “ಮನೆ ನಂದು. ಕೇಳೋರು ಬಂದು ನನ್ನ ಕೇಳ್ಲಿ.”

ಮಹೇಂದ್ರ ಗೊಣಗುತ್ತಾ ಒಳಗೆ ಹೋದ. ಮೋನಿಕಾ ಸಬಾಳ ಕೈ ಎಳೆದುಕೊಂಡು ಮೆಟ್ಟಿಲು ಹತ್ತಿದಳು.

ಭಾನುವಾರ ಸಾಮಾನು ಬಂತು. ಮರುದಿನ ಬೆಳಿಗ್ಗೆ ಸಬಾ ಯೂನಿಫಾರ್ಮ್ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಶೂ ಲೇಸ್ ಕಟ್ಟುತ್ತಿದ್ದಳು. ಕೆಳಗಿನಿಂದ ಅಜ್ಜಿ ಕೂಗಿದರು.

“ಸಬಾ! ನೀರ್ ಬಂತು, ನಿಮ್ಮಮ್ಮಿಗೇಳವ್ವ!”

ಎದುರು ಮನೆಯ ಹೆಂಗಸು ರಂಗೋಲಿ ಬಿಟ್ಟು ತಲೆ ಎತ್ತಿದಳು. ಸಬಾ ಲೇಸ್ ಬಿಟ್ಟು ಅವಳನ್ನೇ ನೋಡಿದಳು. ಆ ಹೆಂಗಸು ನಗಲಿಲ್ಲ. ಒಂದು ಗಳಿಗೆ ನೋಡಿ, ಮತ್ತೆ ಬಗ್ಗಿ ಉಳಿದ ಎಳೆ ಎಳೆದಳು.

ಅಷ್ಟೇ. ಸಬಾಳ ಹೆಸರು ಇಡೀ ಬೀದಿಗೆ ಕೇಳಿಸಿತ್ತು. ಮನೆಯ ಗೋಡೆಗಳು ಬೀಳಲಿಲ್ಲ, ಇದ್ದಲ್ಲೇ ಇದ್ದವು.

“ಅಮ್ಮೀ!” ಸಬಾ ಅಜ್ಜಿಗಿಂತಲೂ ಜೋರಾಗಿ ಕೂಗಿದಳು. “ನೀರು ಬಂತಂತೆ!”