ಹಳದಿ ಡಬ್ಬಿಯಲ್ಲಿ ಒಂದು ಸುತ್ತು

“ಅಕ್ಕನ ಚೇರ್ ಇದರೊಳಗ ಹೋಗಂಗಿಲ್ಲ,” ಅಂದ ಕಾಂತೇಶ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಅವರು ರೋಪ್‌ವೇ ಹತ್ತುವ ಸಾಲಿನಲ್ಲಿ ನಿಂತಿದ್ದರು. ಗದ್ವಾಲ್ ರಸ್ತೆಯಲ್ಲಿ ಹೊಸದಾಗಿ ಶುರುವಾದ ಪಾರ್ಕು ಅದು. ಅವತ್ತು ತೆಲಂಗಾಣ ರಾಜ್ಯ ಹುಟ್ಟಿದ ದಿನ, ಎಲ್ಲರಿಗೂ ರಜೆ. ಅವ್ವ ಭುವನೇಶ್ವರಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬೆಳಿಗ್ಗೆಯೇ ಮಕ್ತಲ್‌ನಿಂದ ಆಟೋದಲ್ಲಿ ಹೊರಟಿದ್ದಳು.

ಅಕ್ಕ ಶಿವರಂಜನಿ ಹೈಸ್ಕೂಲಿನವಳು. ಅವಳ ಕಾಲಿಗೆ ಚಿಕ್ಕಂದಿನಿಂದಲೂ ಬಲವಿಲ್ಲ, ವೀಲ್‌ಚೇರಿನಲ್ಲಿ ಓಡಾಡುತ್ತಾಳೆ. ಓಡಾಡುವುದು ಅಂದರೆ ನಿಜವಾಗಿಯೂ ಓಡುವುದೇ. ಶಾಲೆಯ ವರಾಂಡದಲ್ಲಿ ಅವಳ ಜೊತೆ ರೇಸ್ ಹಚ್ಚಿ ಕಾಂತೇಶ ಎಷ್ಟೋ ಸಲ ಸೋತಿದ್ದ.

ಡಬ್ಬಿಗಳು ದಪ್ಪ ತಂತಿಗೆ ಜೋತುಬಿದ್ದು ಒಂದರ ಹಿಂದೆ ಒಂದು ಬರುತ್ತಿದ್ದವು. ಕೆಂಪು, ನೀಲಿ, ಹಳದಿ. ಜನ ಹತ್ತಿ ಕೂತ ಕೂಡಲೇ ಬಾಗಿಲು ಮುಚ್ಚುತ್ತಿತ್ತು. ಡಬ್ಬಿ ಒಮ್ಮೆ ತೂಗಾಡಿ ಮೇಲಕ್ಕೆ ಹೊರಟುಬಿಡುತ್ತಿತ್ತು. ಅದು ತೂಗಾಡಿದಾಗಲೆಲ್ಲ ಕಾಂತೇಶನ ಹೊಟ್ಟೆಯಲ್ಲಿ ಬೆಳಿಗ್ಗೆ ತಿಂದ ಇಡ್ಲಿಯೂ ತೂಗಾಡುತ್ತಿತ್ತು.

“ಬಾಗಿಲು ಸಣ್ಣದೈತಿ. ಚೇರ್ ಸಿಕ್ಕೊಂತದ,” ಅಂದ ಮತ್ತೆ. “ಪಾಪ, ಅಕ್ಕಗ ತ್ರಾಸ ಆಗ್ತದ. ನಾನೂ ಹತ್ತಂಗಿಲ್ಲ ಬಿಡು, ಅಕ್ಕನ ಜೋಡಿ ಕೆಳಗೇ ಇರ್ತೀನಿ.”

ಅವ್ವನ ಮುಖ ಅರಳಿತು. ಸಾಲಿನಲ್ಲಿ ಹಿಂದಿದ್ದ ಅಜ್ಜಿಯ ಕಡೆ ತಿರುಗಿ, “ನೋಡ್ರೀ, ಅಕ್ಕನ್ನ ಬಿಟ್ಟು ಇವ ಒಂದ್ ಹೆಜ್ಜಿ ಹೋಗಂಗಿಲ್ಲ,” ಅಂದಳು. ಅಜ್ಜಿ “ಬಂಗಾರದಂಥಾ ಹುಡುಗ” ಎಂದು ಕಾಂತೇಶನ ಗಲ್ಲ ಸವರಿದಳು.

ಬಂಗಾರದಂಥಾ ಹುಡುಗ ನೆಲ ನೋಡಿದ.

ರಂಜನಿ ಚೇರಿನ ಗಾಲಿ ತಿರುಗಿಸಿಕೊಂಡು ಸೀದಾ ಮುಂದೆ ಹೋದಳು. ಅಲ್ಲಿ ಡಬ್ಬಿಗಳ ಬಾಗಿಲು ಹಾಕಿ ತೆಗೆಯುವ ಮಾರ್ಕಂಡೇಯ ನಿಂತಿದ್ದ.

“ಅಣ್ಣಾ, ಈ ಚೇರ್ ಒಳಗ ಹೋಗ್ತದೇನು?”

ಮಾರ್ಕಂಡೇಯ ಬಗ್ಗಿ ಚೇರನ್ನು ನೋಡಿದ. “ಯಾಕ ಹೋಗಂಗಿಲ್ಲಮ್ಮಾ? ಹಳದಿ ಡಬ್ಬಿ ಬರ್ಲಿ. ಅದರ ಸೀಟು ಮಡಚಾಕ ಬರ್ತದ. ಮೋಟಾರ್ ಬಂದ್ ಮಾಡಿಸ್ತೀನಿ, ಆರಾಮಾಗಿ ಹತ್ತು. ಆದ್ರ ಜೋಡಿ ಒಬ್ಬರು ಬೇಕು.”

“ನಮ್ಮ ಕಾಂತು ಬರ್ತಾನ,” ಅಂದಳು ರಂಜನಿ. “ನನ್ನ ಬಿಟ್ಟು ಒಂದ್ ಹೆಜ್ಜಿ ಹೋಗಂಗಿಲ್ಲ ಅವ.”

ಕಾಂತೇಶ ಒಂದು ಹೆಜ್ಜೆ ಹಿಂದೆ ಸರಿದ. “ಅಕ್ಕಾ, ಮಳಿ ಬರೂವಂಗದ.”

ರಂಜನಿ ತಲೆ ಎತ್ತಿದಳು. ಆಕಾಶದಲ್ಲಿ ಹತ್ತಿಯ ಎಳೆಯಷ್ಟು ಮೋಡವೂ ಇರಲಿಲ್ಲ.

“ನನಗ ಒಂದಕ್ಕ ಬಂದೈತಿ.”

“ಹೋಗಿ ಬಾ. ಹಳದಿ ಡಬ್ಬಿ ಇನ್ನೊಂದ್ ಸುತ್ತು ಹೊಡದು ಬರೂತನ ಕಾಯ್ತೀನಿ.”

“...ಈಗ ಬಂದಿಲ್ಲ,” ಅಂದ ಕಾಂತೇಶ ಮೆಲ್ಲಗೆ.

ಹಳದಿ ಡಬ್ಬಿ ಬಂತು. ಮಾರ್ಕಂಡೇಯ ಕೈ ಎತ್ತಿದ. ಮೋಟಾರಿನ ಗುಂಯ್ ಸದ್ದು ನಿಂತಿತು. ಮೇಲಿನ ಡಬ್ಬಿಗಳೆಲ್ಲ ಇದ್ದಲ್ಲೇ ನಿಂತು ಮೆಲ್ಲಗೆ ತೂಗತೊಡಗಿದವು. ರಂಜನಿ ಮುಂದಕ್ಕೆ ಹೋದಳು. ಚೇರಿನ ಸಣ್ಣ ಗಾಲಿಗಳು ಪ್ಲಾಟ್‌ಫಾರ್ಮಿಗೂ ಡಬ್ಬಿಗೂ ನಡುವಿನ ಸಂದಿಗೆ ಇಳಿದು ಕೂತವು.

“ನೋಡು, ಹೇಳಲಿಲ್ಲೇನು?” ಅಂದ ಕಾಂತೇಶ. ದನಿಯಲ್ಲಿ ಖುಷಿ ಇಣುಕಿಬಿಟ್ಟಿತು.

ಮಾರ್ಕಂಡೇಯ ಎತ್ತಲು ಬಂದ. “ಬ್ಯಾಡಣ್ಣಾ, ನಿಂದ್ರು,” ಅಂದಳು ರಂಜನಿ. ಚೇರನ್ನು ಹಿಂದಕ್ಕೆಳೆದುಕೊಂಡಳು, ಗರ್ರನೆ ತಿರುಗಿಸಿದಳು. ಬೆನ್ನು ಡಬ್ಬಿಯ ಕಡೆ ಮಾಡಿ, ದೊಡ್ಡ ಗಾಲಿ ಮೊದಲು ದಾಟಿಸಿದಳು. ಹಿಂದೆಯೇ ಸಣ್ಣ ಗಾಲಿಗಳೂ ಟಕ್ಕೆಂದು ಒಳಗೆ ಬಂದವು. ಎರಡೂ ಕಡೆ ಬ್ರೇಕ್ ಹಾಕಿ, “ಬಾರೋ,” ಅಂದಳು.

ಸಾಲಿನಲ್ಲಿದ್ದವರೆಲ್ಲ ಈಗ ಕಾಂತೇಶನನ್ನೇ ನೋಡುತ್ತಿದ್ದರು. ಅಜ್ಜಿಯಂತೂ ನಗುತ್ತಾ ನೋಡುತ್ತಿದ್ದಳು. ಅವನು ಹತ್ತಿದ.

ಬಾಗಿಲು ಮುಚ್ಚಿತು. ಡಬ್ಬಿ ತೂಗಿತು. ಕಾಂತೇಶ ಕಣ್ಣು ಮುಚ್ಚಿ, ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದ.

“ಅದು ನನ್ನ ಜಡಿ,” ಅಂದಳು ರಂಜನಿ. “ಚೇರ್ ಹಿಡ್ಕೊ.”

ಅವನು ಚೇರ್ ಹಿಡಿದ. ಗಾಳಿ ಸುಯ್ ಎನ್ನುತ್ತಿತ್ತು.

“ಅಕ್ಕಾ, ನನಗ ಅಂಜಿಕಿ ಆಗ್ತದ.”

“ಗೊತ್ತೈತಿ.”

“ಹೆಂಗ ಗೊತ್ತು?”

“ಮಾಳಿಗಿ ಮ್ಯಾಲ ಹೋದ್ರ ನೀ ಗೋಡಿ ಸನೇಕ ಹೋಗಂಗಿಲ್ಲಂತ. ಅವ್ವನೇ ಹೇಳ್ಯಾಳ.”

ಕಾಂತೇಶ ಒಂದು ಕಣ್ಣು ತೆರೆದ. ಅಕ್ಕ ಅವನನ್ನು ನೋಡುತ್ತಿರಲಿಲ್ಲ. ಹಣೆಯನ್ನು ಗಾಜಿಗೆ ಒತ್ತಿ ಹೊರಗೆ ನೋಡುತ್ತಿದ್ದಳು.

“ಚೇರ್ ಒಳಗ ಹೋಗಂಗಿಲ್ಲ ಅಂತ ನೀ ಅಂದಿ,” ಅಂದಳು ಅವಳು. “ಅವ್ವ ಹೌದಂದ್ಳು, ಅಜ್ಜಿ ಹೌದಂದ್ಳು. ಬಾಗಿಲು ಎಷ್ಟು ಅಗಲ ಐತಿ ಅಂತ ಒಬ್ರೂ ನೋಡಲಿಲ್ಲ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಕಾಂತೇಶನಿಗೆ. ತಿರುಗಿ ಏನಾದರೂ ಅನ್ನಬಹುದಿತ್ತು.

“ಕಾಂತು, ನಮ್ಮ ಮಾಳಿಗಿ ಮ್ಯಾಲ ಏನೇನೈತಿ?”

ಆ ಪ್ರಶ್ನೆ ಅವನಿಗೆ ವಿಚಿತ್ರ ಅನ್ನಿಸಿತು. ಆಮೇಲೆ ಮನೆಯ ಕಡಿದಾದ ಮೆಟ್ಟಿಲುಗಳು ನೆನಪಾದವು. ಅಕ್ಕ ಅಲ್ಲಿಗೆ ಹೋಗಿಯೇ ಇಲ್ಲ. ಅವನು ದಿನಾ ಹೋಗುತ್ತಾನೆ.

“ನೀರಿನ ಟ್ಯಾಂಕ್ ಐತಿ. ಅವ್ವ ಒಣಗಾಕ ಹಾಕಿದ ಸಂಡಿಗಿ ಐತಿ. ಅಪ್ಪನ ಮುರುಕು ಸೈಕಲ್ ಐತಿ.”

“ಇಷ್ಟೇನಾ?” ರಂಜನಿ ನಕ್ಕಳು. “ನಾ ಏನೇನೋ ಅಂದ್ಕೊಂಡಿದ್ದೆ. ಇಲ್ಲಿ ನೋಡು ಮತ್ತ.”

ಕಾಂತೇಶ ಎರಡನೇ ಕಣ್ಣನ್ನೂ ತೆರೆದ. ಕೆಳಗೆ ಕಾಲುವೆ ಹೊಳೆಯುತ್ತಿತ್ತು. ಅದರ ದಂಡೆಯಲ್ಲಿ ಕುರಿಗಳು ಚೆಲ್ಲಿದ ಅಕ್ಕಿಯ ಹಾಗೆ ಕಂಡವು. ರಸ್ತೆಯ ಮೇಲೆ ಕಡ್ಡಿಪೆಟ್ಟಿಗೆಯಷ್ಟು ಬಸ್ಸೊಂದು ಹೊರಟಿತ್ತು. ಅವನು ಮತ್ತೆ ಕಣ್ಣು ಮುಚ್ಚಿದ.

“ಕಂಡ್ತೇನು?”

“ಕಂಡ್ತು. ಸಾಕು.”

ಉಳಿದ ದಾರಿಯುದ್ದಕ್ಕೂ ರಂಜನಿಯೇ ಹೇಳುತ್ತಾ ಬಂದಳು. ಎಮ್ಮೆಯೊಂದು ಕಾಲುವೆಗೆ ಇಳಿದದ್ದು, ಯಾರದೋ ಟೋಪಿ ಹಾರಿಹೋದದ್ದು, ಅವ್ವ ಕೆಳಗೆ ನಿಂತು ಬೇರೆ ಯಾವುದೋ ಡಬ್ಬಿಗೆ ಕೈ ಬೀಸುತ್ತಿರುವುದು. ಅದನ್ನು ಕೇಳಿ ಕಾಂತೇಶ ಕಣ್ಣು ಮುಚ್ಚಿಕೊಂಡೇ ನಕ್ಕ.

ಡಬ್ಬಿ ಕೆಳಗೆ ಬಂದು ನಿಂತಿತು. ಮಾರ್ಕಂಡೇಯ ಬಾಗಿಲು ತೆಗೆದು ಕಾಂತೇಶನನ್ನೇ ಕೇಳಿದ. “ಏನಪ್ಪಾ, ಅಕ್ಕಗ ಸುಸ್ತಾಗೈತೇನು? ಇಳಸೋಣಾ?”

‘ಹೂಂ’ ಅನ್ನುವುದು ಬಹಳ ಸುಲಭವಿತ್ತು. ಕಾಂತೇಶ ಅಕ್ಕನನ್ನು ನೋಡಿದ. ಅವಳ ಹಣೆಯ ಮೇಲೆ ಗಾಜಿನ ಧೂಳಿನ ಗುರುತು ದುಂಡಗೆ ಮೂಡಿತ್ತು.

“ಆಕಿನ್ನೇ ಕೇಳ್ರಿ,” ಅಂದ.

“ಇನ್ನೊಂದ್ ಸುತ್ತು ಹೋಗ್ತೀನಣ್ಣಾ,” ಅಂದಳು ರಂಜನಿ.

ಕಾಂತೇಶ ಹೊರಗೆ ಇಳಿದ. “ಅವ್ವಾ, ನೀ ಹೋಗು ಅಕ್ಕನ ಜೋಡಿ.”

“ಯಾಕೋ, ನೀನು?”

ಅಜ್ಜಿ ಅಲ್ಲೇ ಇದ್ದಳು, ಮಾರ್ಕಂಡೇಯನೂ ಇದ್ದ. ಕಾಂತೇಶನ ಕಿವಿ ಬಿಸಿಯಾಯಿತು.

“ನನಗ ಅಂಜಿಕಿ,” ಅಂದ, ಎಲ್ಲರಿಗೂ ಕೇಳುವ ಹಾಗೆ. “ಮೊದಲೂ ನನಗೇ ಅಂಜಿಕಿ ಆಗಿತ್ತು. ಚೇರಿಂದೇನೂ ಇರಲಿಲ್ಲ.”

ಅವ್ವ ಬುತ್ತಿಯ ಚೀಲವನ್ನು ಅವನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಬಾಗಿಲಿನ ಅಗಲವನ್ನು ಒಮ್ಮೆ ನೋಡಿ ಒಳಗೆ ಹೋದಳು.

ಡಬ್ಬಿ ತೂಗಾಡಿ ಮೇಲಕ್ಕೆ ಹೊರಟಿತು. ಕಾಂತೇಶ ಚೀಲವನ್ನು ಎದೆಗೆ ಅವಚಿಕೊಂಡು, ಕತ್ತು ಹಿಂದಕ್ಕೆ ಚೆಲ್ಲಿ ನಿಂತ. ಗಾಜಿನ ಹಿಂದೆ ಅಕ್ಕನ ಬೆರಳು ಅವ್ವನಿಗೆ ಏನನ್ನೋ ತೋರಿಸುತ್ತಿತ್ತು. ಅದು ಎಮ್ಮೆಯೋ ಬಸ್ಸೋ ಕೆಳಗಿನಿಂದ ತಿಳಿಯುವಂತಿರಲಿಲ್ಲ. ಡಬ್ಬಿ ಹುಣಸೆಬೀಜದಷ್ಟು ಸಣ್ಣದಾಗುವವರೆಗೂ ಅವನು ನೋಡುತ್ತಲೇ ಇದ್ದ.