ಎದುರುಗಾಳಿಗೆ ಹೊರಟ ಹಡಗು

"ನಿಲ್ಲಿಸಿ! ಆ ಹಡಗು ಹಾಗೆ ಹೋಗಲ್ಲ!"

ತನ್ನ ಕಥೆ ಓದುತ್ತಿದ್ದವಳು ಹಾಳೆಯಿಂದ ತಲೆ ಎತ್ತಿದಳು. ನೌಕಾ ವಸ್ತುಸಂಗ್ರಹಾಲಯದ ಕಥಾಕೂಟದಲ್ಲಿದ್ದವರೆಲ್ಲ ಹಿಂದಿನ ಸಾಲಿನತ್ತ ತಿರುಗಿದರು. ಎದ್ದು ನಿಂತಿದ್ದವನು ಅಲ್ಲಿನ ಹಡಗಿನ ಮಾದರಿಗಳನ್ನು ರಿಪೇರಿ ಮಾಡುವವನು. ಬೆರಳಲ್ಲಿ ಗೋಂದು, ಕೂದಲಲ್ಲಿ ಮರದ ಪುಡಿ.

"ಯಾಕೆ ಹೋಗಲ್ಲ?"

"ಗಾಳಿ ಎದುರಿಂದ ಬೀಸ್ತಿದೆ ಅಂತ ನೀವೇ ಬರೆದಿದ್ದೀರಿ. ಹಾಯಿಹಡಗು ಎದುರುಗಾಳಿಗೆ ನೇರ ನುಗ್ಗಲ್ಲ ಮೇಡಂ. ಓರೆಯಾಗಿ, ಆ ಕಡೆ ಈ ಕಡೆ ತಿರುಗ್ತಾ ಹೋಗ್ಬೇಕು. ಮತ್ತೆ ಆ ಫಿರಂಗಿ..."

ಫಿರಂಗಿಯಾಯಿತು, ಲಂಗರಾಯಿತು, ನಾವಿಕರ ಊಟವೂ ಆಯಿತು! ಅವನು ತಪ್ಪು ಹುಡುಕದೆ ಬಿಟ್ಟದ್ದು ಕಥೆಯ ಹೆಸರೊಂದನ್ನೇ.

ಅವಳು ಹಲ್ಲಿನ ಆಸ್ಪತ್ರೆಯ ನರ್ಸು. ದಿನವಿಡೀ ಊರವರ ನರಳಾಟ ಕೇಳಿ ಕೇಳಿ, ಮನಸ್ಸು ಹಗುರಾಗಲೆಂದು ಬರೆಯಲು ಹಿಡಿದಿದ್ದಳು. ಹಳೆಯ ಕಡಲ ಯುದ್ಧಗಳ ಪುಸ್ತಕಗಳನ್ನು ಊಟ ಮರೆತು ಓದಿದ್ದಳು. ಇದು ಅವಳ ಮೊದಲ ಕಥೆ...

"ಇನ್ನು ಬರೆಯಲ್ಲ ಅತ್ತಿಗೆ," ಮನೆಗೆ ಬಂದವಳೇ ಅತ್ತುಬಿಟ್ಟಳು. "ಮಿಕ್ಕವರಿಗೆಲ್ಲ ಚಪ್ಪಾಳೆ, ನನಗೆ ಮಾತ್ರ ಮಂಗಳಾರತಿ!"

ಕೂಟಕ್ಕೆ ಜೊತೆಗೆ ಬಂದಿದ್ದ ಅತ್ತಿಗೆ ಅವಳ ಊಟ ಬಿಸಿ ಮಾಡುತ್ತಾ ನಕ್ಕಳು. "ಮಿಕ್ಕವರು ಓದುವಾಗ ಆ ರಿಪೇರಿಯವನು ಗೊರಕೆ ಹೊಡೀತಿದ್ದ ಕಣೇ! ಪಕ್ಕದಲ್ಲೇ ಕೂತಿದ್ದೆ. ಎಲ್ಲರೂ ತಟ್ಟಿದಾಗ ಬೆಚ್ಚಿಬಿದ್ದು ತಾನೂ ತಟ್ಟೋನು. ನಿನ್ನ ಕಥೆಗೆ ಮಾತ್ರ ಕಣ್ಣು ಮಿಟುಕಿಸಲಿಲ್ಲ."

ಮರುದಿನ ಅವಳು ನೇರ ಅವನ ಕೆಲಸದ ಕೋಣೆಗೇ ಹೋದಳು. ಅವನು ಗಾಬರಿಯಾಗಿ, ಅಂಗಿಯ ತೋಳಿನಿಂದಲೇ ಸ್ಟೂಲು ಒರೆಸಿ ಮುಂದಿಟ್ಟ.

ಮೇಜಿನ ಮೇಲಿನ ಹಡಗಿಗೆ ಅಡಿಯಿಂದ ಮುಡಿಯವರೆಗೆ, ಮುರಿದಲ್ಲೆಲ್ಲ ಕೆಂಪು ದಾರದ ಗಂಟುಗಳು. ಮೂಲೆಯಲ್ಲಿದ್ದ ಇನ್ನೊಂದಕ್ಕೆ ಒಂದೂ ಇಲ್ಲ.

"ಅದರಲ್ಲಿ ತಪ್ಪೇ ಇಲ್ವಾ?"

"ಅದು ಗುಜರಿಗೆ. ಉಳಿಸ್ಕೋಬೇಕು ಅನ್ಸಿದ್ದಕ್ಕೆ ಮಾತ್ರ ದಾರ ಕಟ್ತೀನಿ, ಎಲ್ಲೆಲ್ಲಿ ಸರಿ ಮಾಡ್ಬೇಕೋ ಅಲ್ಲೆಲ್ಲ." ತಲೆ ತಗ್ಗಿಸಿದ. "ನಿಮ್ಮ ಕಥೆಗೂ ಹಾಗೇ ಮಾಡ್ಬಿಟ್ಟೆ. ಎಲ್ಲರೆದುರು ಹೇಳಬಾರದಿತ್ತು, ಕ್ಷಮಿಸಿ. ಬರೆಯೋದು ಮಾತ್ರ ಬಿಡ್ಬೇಡಿ... ಕಥೆಯಲ್ಲಿ ಆ ಕ್ಯಾಪ್ಟನ್ ಕೊನೆಗೆ ಬದುಕ್ತಾನಾ?"

'ಅಯ್ಯೋ, ಇವನು ನನ್ನ ಕಥೆಗಾಗಿ ಕಾಯುತ್ತಿದ್ದಾನೆ!' ಅವಳ ಸಿಟ್ಟೆಲ್ಲ ಮಂಜಿನಂತೆ ಕರಗಿತು.

"ಬದುಕ್ತಾನೆ. ಅವನ ತಂಗಿ ದಡದಲ್ಲಿ ಕಾಯ್ತಿರ್ತಾಳೆ. ಒಬ್ಬಳೇ."

"ಒಬ್ಬಳೇ ಬೇಡ."

"ಇದೂ ತಪ್ಪಾ?"

"ದೊಡ್ಡ ತಪ್ಪು! ಪಕ್ಕದಲ್ಲಿ ಯಾರಾದ್ರೂ ಇರ್ಲಿ..." ಅವನ ಕಿವಿ ಕೆಂಪಾಯಿತು. "ಹಡಗು ಹತ್ತಿದ್ರೆ ನಂಗೆ ವಾಂತಿ ಬರುತ್ತೆ. ದಡದಲ್ಲಾದ್ರೆ ಎಷ್ಟು ಹೊತ್ತಾದ್ರೂ ನಿಲ್ತೀನಿ."

ಅವಳು ನಗು ತಡೆಯಲಾರದೆ ಹೋದಳು. "ನಿಂತ್ಕೊಳ್ಳಿ. ಆದ್ರೆ ನಾನು ಓದುವಾಗ ಬಾಯಿ ತೆರೀಬಾರ್ದು!"

"ಹೂಂ ಅನ್ನೋಕೂ?"

"ಅದಕ್ಕೆ..." ಅವಳು ಕಣ್ಣು ತಗ್ಗಿಸಿದಳು, "ಅದಕ್ಕೆ ಮಾತ್ರ ತೆರೀಬಹುದು."