ವಾಸದ ವಿಳಾಸ

2025ರ ಜುಲೈ 14, ಸೋಮವಾರ, ಬೆಳಿಗ್ಗೆ 10.40. ಆದೋನಿಯ ಠಾಣೆಗೆ ವಾರ್ಡ್ ಕಚೇರಿಯ ಹಾರಿಕಾ ಒಂದು ಅರ್ಜಿ ಹಿಡಿದು ಬಂದಳು. ಮಾಲೀಕನೇ ವಾಸವಿರುವ ಮನೆಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಉಂಟು. ಅದನ್ನು ಮುಂದುವರಿಸಬೇಕೆಂಬ ಆ ಅರ್ಜಿಗೆ, ಅವಳೇ ಸಹಿ ಮಾಡಿ ಕೊಟ್ಟಂತೆ ವಾಸದ ದೃಢೀಕರಣ ಪತ್ರ ಲಗತ್ತಿಸಿದ್ದರು.

"ಸೀಲೂ ಸುಳ್ಳು, ಸಹೀನೂ ನಂದಲ್ರಿ," ಎಂದಳು.

ಅರ್ಜಿದಾರರು ಗುರುರಾಜ, ನಿವೃತ್ತ ಶಿಕ್ಷಕರು. ಎಫ್‌ಐಆರ್‌ನಲ್ಲಿ ಆ ಹೆಸರು ಬರೆಯುವಾಗ ಠಾಣೆಯ ರೈಟರ್ ಹೇಮಾವತಿಯ ಕೈ ತಡೆಯಿತು. ಆ ಕೈ ಹಿಡಿದು ದುಂಡಗೆ ಅಕ್ಷರ ತಿದ್ದಿಸಿದವರು ಅವರೇ.

"ಗೊತ್ತಿದ್ದೋರೇನು?" ಇನ್‌ಸ್ಪೆಕ್ಟರ್ ಹಾಲಸ್ವಾಮಿ ಕೇಳಿದರು.

"ನಮ್ಮ ಮಾಸ್ತರು ಸಾರ್. ಅಂಥೋರಲ್ಲ."

"ಅಂಥೋರಲ್ಲದೋರೇ ದಿನಾ ಇಲ್ಲಿಗೆ ಬರ್ತಾರಮ್ಮ."

ವಾಸಕ್ಕೆ ಸಾಕ್ಷಿಯಾಗಿ ಅರ್ಜಿಗೆ ಅಡುಗೆಮನೆಯ ಫೋಟೊ ಅಂಟಿಸಿದ್ದರು. ಎಲ್ಲರೂ ಸ್ಟೌ, ಪಾತ್ರೆ ನೋಡಿದರು. ಹೇಮಾವತಿ ಮಾತ್ರ ಮೊಳೆಗೆ ತೂಗುಹಾಕಿದ್ದ ಬೆಳ್ಳುಳ್ಳಿ ಗೊಂಚಲು ನೋಡಿದಳು. ಮಾಸ್ತರ ಮನೆಯಲ್ಲಿ ಬೆಳ್ಳುಳ್ಳಿ ಹೊಸ್ತಿಲು ದಾಟಿದ್ದೇ ಇಲ್ಲ. ಊಟದ ಹೊತ್ತಿನವರೆಗೂ ಬಾಯಿ ಬಿಡಲಿಲ್ಲ. ಆಮೇಲೆ, ಸುಮ್ಮನಿದ್ದುದಕ್ಕೂ ನಾಚಿಕೊಂಡು, ಹೇಳುವುದಕ್ಕೂ ನಾಚಿಕೊಂಡು, ಆ ಅಡುಗೆಮನೆಯಲ್ಲಿ ಬೇರೆ ಯಾರೋ ಇದ್ದಾರೆಂದು ಹೇಳಿದಳು.

ಮಧ್ಯಾಹ್ನ 3.15ಕ್ಕೆ ಮಾಸ್ತರ ಮನೆಯ ಪಂಚನಾಮೆ ನಡೆಯಿತು. ಹತ್ತಿ ಮಿಲ್ಲಿನ ಓಬಳೇಶ ಅಲ್ಲಿ ಎರಡು ವರ್ಷದಿಂದ ಬಾಡಿಗೆಗಿದ್ದ. ಬಾಗಿಲಲ್ಲಿ ಒಂದು ಜೊತೆ ಹಳೇ ಚಪ್ಪಲಿ. "ಮಾಸ್ತರೇ ಬಿಟ್ಟು ಹೋಗ್ಯಾರ್ರಿ. ಯಾರರೆ ಕೇಳಿದ್ರ ಒಳಗ ಮಲಗ್ಯಾರಂತ ಹೇಳು ಅಂದಾರ," ಎಂದ. ಅವರಿರುವುದು ಮಾಧವರಂ ಎಂಬ ಊರಲ್ಲಿ, ಮಗಳ ಮನೆಯಲ್ಲಿ ಎಂಬುದೂ ಅವನಿಂದಲೇ ತಿಳಿಯಿತು.

ಜುಲೈ 16, ಬೆಳಿಗ್ಗೆ 9ಕ್ಕೆ ಹಾಲಸ್ವಾಮಿ, ಹೇಮಾವತಿ ಮಾಧವರಂ ತಲುಪಿದರು. ಮಗಳು ಶರ್ವಾಣಿ ಬಾಗಿಲು ತೆರೆದಳು. ಕೇಳುವ ಮೊದಲೇ ಗುರುರಾಜರು ಪುಸ್ತಕಗಳ ಹಿಂದಿನಿಂದ ಸುಳ್ಳು ಸೀಲು ತಂದು ಮೇಜಿನ ಮೇಲಿಟ್ಟರು.

"ರಿಯಾಯಿತಿ ಹೋದ್ರ ಹೋಗ್ಲಿ ಅನ್ನಬೇಕಿತ್ತು. ಪೆನ್ಶನ್ ಬರ್ತೈತಲ್ರಿ?" ಎಂದರು ಹಾಲಸ್ವಾಮಿ.

"ದುಡ್ಡಿಗಲ್ರಿ. ರಿಯಾಯಿತಿ ರದ್ದಾದ ಮನಿಗಳ ಪಟ್ಟಿ ಕಚೇರಿ ಗ್ವಾಡಿಗೆ ಹಚ್ತಾರ. ನನ್ನ ಹೆಸರಿನ ಮುಂದ, ಮಾಲೀಕ ಇಲ್ಲಿ ವಾಸ ಇಲ್ಲ ಅಂತ ಇರ್ತದ. ಮತ್ತ ಎಲ್ಲಿ ಅದಾರಂತ ಓಣ್ಯಾಗ ಕೇಳ್ತಾರ."

ಹೆಂಡತಿ ತೀರಿಕೊಂಡ ಮೇಲೆ ಅಳಿಯನ ಮನೆಯ ಅನ್ನ ಉಣ್ಣುತ್ತಿರುವುದು ಓಣಿಗೆ ತಿಳಿಯಬಾರದಿತ್ತು. ತನಿಖೆಯಲ್ಲಿ ಬೇರೆ ಯಾವ ಉದ್ದೇಶವೂ ಸಿಗಲಿಲ್ಲ.

ಬಾಗಿಲಿಗೆ ಒರಗಿದ್ದ ಶರ್ವಾಣಿ ಮೆಲ್ಲಗೆ ಕೇಳಿದಳು: "ನಮ್ಮನ್ಯಾಗ ಇರೋದು ಅಷ್ಟು ನಾಚಿಕೀನೇನಪ್ಪ?"

ಗುರುರಾಜರು ಮೇಜಿನ ಮೇಲಿದ್ದ ಸೀಲನ್ನು ಹಾಲಸ್ವಾಮಿಯ ಕಡೆ ಸರಿಸಿದರು.

9.50ಕ್ಕೆ ಹೇಮಾವತಿ ಬಂಧನ ಪತ್ರ ತುಂಬತೊಡಗಿದಳು. ಹೆಸರು, ತಂದೆಯ ಹೆಸರು, ವಯಸ್ಸು ಎಪ್ಪತ್ತೊಂದು. ವಾಸದ ವಿಳಾಸ ಎಂಬಲ್ಲಿ ಪೆನ್ನು ನಿಂತಿತು. ಆದೋನಿಯ ಆ ಮನೆಯ ನಂಬರು ಅವಳಿಗೆ ಬಾಯಿಪಾಠ. ಕೇಳಲಾಗದೆ ತಲೆ ತಗ್ಗಿಸಿ ಕೂತಳು.

ಗುರುರಾಜರು ಮಗಳ ಕಡೆ ಒಮ್ಮೆ ನೋಡಿದರು.

"ಮಾಧವರಂ. ಮಗಳ ಮನಿ," ಎಂದರು. "ದುಂಡಗ ಬರಿಯಮ್ಮ. ಓದೋರಿಗೆ ತಿಳೀಬೇಕು."